ಒಳಗಿದ್ದವರು ಹಾಡಬೇಕು

ಆ ಬೀದಿಯ ಗಂಡಸರಿಗೆಲ್ಲ ಒಟ್ಟಿಗೇ ಗಡ್ಡ ಬಂದದ್ದಕ್ಕೆ ಕಾರಣ ಒಬ್ಬ ಹೆಂಗಸು.

ಎದುರಿಗೆ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಖಾರದಕ್ಕ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು. ಬೀದಿಯ ನಟ್ಟನಡುವೆ ಅವಳ ಗಂಡನದೊಂದು ಕಟಿಂಗ್ ಶಾಪು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹೂವಿನ ಚಿತ್ರದ ಒಂದು ಪರದೆ. ಶಟರಿನ ಪಕ್ಕದಲ್ಲಿ ಮನೆಯವರು ಓಡಾಡಲು ಒಂದು ಬಾಗಿಲು, ಒಂದು ಕಿಟಕಿ. ಎರಡು ತಿರುಗುವ ಕುರ್ಚಿ, ಗೋಡೆಯುದ್ದಕ್ಕೆ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಗಂಡ ಮಾತಿನವನಲ್ಲ. ಅವನ ಪರವಾಗಿ ಕತ್ತರಿಯೇ ಕಚಕಚ ಎನ್ನುತ್ತಿತ್ತು. ಮಾತಿನ ವಹಿವಾಟು ಪೂರ್ತಿ ಅಕ್ಕನದು. ಪರದೆಯ ಆಚೆ ಪಾತ್ರೆ ತೊಳೆಯುತ್ತಲೇ ಅವಳು ಗಿರಾಕಿಗಳನ್ನು ವಿಚಾರಿಸಿಕೊಳ್ಳುತ್ತಿದ್ದಳು.

"ಏನ್ರೀ ಮೇಷ್ಟ್ರೇ, ತಲೆ ಮೇಲಿರೋದೇ ನಾಲ್ಕು ಕೂದಲು. ಅದಕ್ಕೆ ಇಷ್ಟೊತ್ತಾ?"

"ನಿನ್ನ ಗಂಡ ಒಂದೊಂದನ್ನೂ ಮಾತಾಡಿಸಿ ಕತ್ತರಿಸ್ತಿದಾನಮ್ಮ," ಎಂದು ಮೇಷ್ಟ್ರು ಬಿಳಿ ಬಟ್ಟೆಯ ಒಳಗಿನಿಂದ ಕೂಗುತ್ತಿದ್ದರು.

"ಹಾಗಾದ್ರೆ ನಿಮ್ಮ ತಲೆಗೇ ಅದೃಷ್ಟ. ನನ್ನನ್ನಂತೂ ಮದುವೆ ಆದಾಗಿಂದ ಮಾತಾಡಿಸಿಲ್ಲ."

ಅಂಥ ಅಂಗಡಿಯ ಶಟರು ಒಂದು ಬೆಳಿಗ್ಗೆ ಮೇಲೇಳಲೇ ಇಲ್ಲ. 'ರಿಪೇರಿ ಇದೆ' ಎಂದು ಬರೆದ ರಟ್ಟೊಂದು ನೇತಾಡುತ್ತಿತ್ತು. ಏನು ರಿಪೇರಿ ಎಂದು ಯಾರೂ ಕೇಳಲಿಲ್ಲ. ಹಿಂದಿನ ದಿನ ಅಕ್ಕನ ತಮ್ಮ ಜೈಲಿನಿಂದ ಬಂದು ಮನೆ ಸೇರಿದ್ದನ್ನು ಬೀದಿ ಕಣ್ಣಾರೆ ಕಂಡಿತ್ತು.

ಅಂಗಡಿಯ ಎರಡನೇ ಕುರ್ಚಿ ಒಂದು ಕಾಲಕ್ಕೆ ಆ ತಮ್ಮನದೇ. ಭಾವನ ಕೈಕೆಳಗೆ ಕೆಲಸ ಕಲಿತು ಭಾವನನ್ನೇ ಮೀರಿಸಿದವನು. ಅಕ್ಕ ತಮ್ಮ ಇಬ್ಬರಿಗೂ ಇದ್ದದ್ದು ಒಂದೇ ಸಿಟ್ಟು. ಅಕ್ಕನದು ಬಾಯಿಯಿಂದ ಹೊರಬಿದ್ದು ಗಾಳಿಗೆ ಹೋಗುತ್ತಿತ್ತು. ತಮ್ಮನದು ಬಾಯಿಗೆ ಬಾರದೆ ಕೈಗೆ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಯಾರೋ ಗಿರಾಕಿ ಭಾವನಿಗೆ ಬಾಯಿಗೆ ಬಂದಂತೆ ಬೈದ. ಭಾವ ಸುಮ್ಮನೆ ಕತ್ತರಿ ಒರೆಸುತ್ತ ನಿಂತಿದ್ದ. ತಮ್ಮ ಹೋಗಿ ಒಂದು ತಳ್ಳು ತಳ್ಳಿದ. ಆ ಮನುಷ್ಯ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿದ. ತಪ್ಪು ತಪ್ಪೇ. ನ್ಯಾಯಾಲಯ ಶಿಕ್ಷೆ ಕೊಟ್ಟಿತು, ತಮ್ಮ ಅದನ್ನು ಪೂರ್ತಿ ಅನುಭವಿಸಿ ಒಂದು ಬಟ್ಟೆ ಚೀಲ ಹಿಡಿದು ಹೊರಬಂದ.

ಕರೆತರಲು ಹೋಗಿದ್ದವಳು ಅಕ್ಕ. ಜೈಲಿನ ನರ್ಸಮ್ಮ ಅವಳನ್ನು ಗೇಟಿನ ಪಕ್ಕದ ಕೋಣೆಗೆ ಕರೆದು ಕೂರಿಸಿದ್ದರು. ದಪ್ಪ ಕನ್ನಡಕದ, ಮಾತಿನಲ್ಲಿ ಸುತ್ತುಬಳಸಿಲ್ಲದ ಹೆಂಗಸು. ಅಕ್ಕನಿಗೆ ನೋಡಿದ ಕೂಡಲೇ ಇಷ್ಟವಾದರು.

"ಗೇಟು ದಾಟಿದ್ರೆ ಕಷ್ಟ ಮುಗೀತು ಅಂತ ಮನೆಯೋರು ಅಂದ್ಕೋತಾರೆ. ಹಾಗಲ್ಲ," ಎಂದರು ನರ್ಸಮ್ಮ. "ಒಳಗೆ ಗಟ್ಟಿಯಾಗಿದ್ದೋರು ಹೊರಗೆ ಬಂದ ಮೊದಲ ಕೆಲವು ವಾರದಲ್ಲೇ ಕುಸಿದುಬಿಡೋದನ್ನ ನೋಡಿದೀನಿ. ಸಾಯೋ ಯೋಚನೆ ಬರಬಹುದು. ನಿಮ್ಮ ತಮ್ಮನಿಗೆ ನಿದ್ದೆ ಸರಿ ಇಲ್ಲ. ಅದಕ್ಕೇ ಹೇಳ್ತಿದೀನಿ. ಅವನನ್ನ ಒಬ್ಬನೇ ಬಿಡಬೇಡಿ. ಹರಿತವಾದ್ದು ಗಿರಿತವಾದ್ದು ಕೈಗೆಟುಕೋ ಹಾಗೆ ಇಡಬೇಡಿ. ಆಮೇಲೆ ನೇರವಾಗಿ ಕೇಳಿ."

"ಏನಂತ ಕೇಳೋದು?"

"ಸಾಯಬೇಕು ಅನ್ನಿಸ್ತಿದೆಯಾ ಅಂತ. ಅದೇ ಮಾತಲ್ಲಿ."

"ಅಯ್ಯೋ! ಇಲ್ಲದ್ದನ್ನ ನಾವೇ ತಲೆಗೆ ತುಂಬಿದ ಹಾಗಾಗಲ್ವೇನ್ರೀ?"

"ಇಲ್ಲಮ್ಮ. ಇಲ್ಲದಿದ್ರೆ ಇಲ್ಲ ಅಂತಾನೆ. ಇದ್ರೆ, ಸದ್ಯ ಯಾರೋ ಒಬ್ಬರು ಕೇಳಿದ್ರಲ್ಲ ಅಂತಾನೆ." ಎಂದವರೇ ತಮ್ಮ ಫೋನ್ ನಂಬರನ್ನು ಅಕ್ಕನ ಫೋನಿಗೆ ಹಾಕಿಕೊಟ್ಟರು.

ಅಕ್ಕ ಮನೆಗೆ ಬಂದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹರಿತವಾದ್ದು ಎಂದರೆ ಯಾವುದು? ಕ್ಷೌರದ ಅಂಗಡಿಯಲ್ಲಿ ಹರಿತವಲ್ಲದ್ದು ಯಾವುದು? ಕತ್ತಿ, ಬ್ಲೇಡು, ದೊಡ್ಡ ಕತ್ತರಿ, ಸಣ್ಣ ಕತ್ತರಿ, ಮೀಸೆಯ ಕತ್ತರಿ, ಎಲ್ಲವನ್ನೂ ತಗಡಿನ ಟ್ರಂಕಿಗೆ ತುಂಬಿ, ಬೀಗ ಜಡಿದು, ಜೊತೆಯಲ್ಲೇ ಇದ್ದ ತನ್ನ ಅಮ್ಮನ ಮಂಚದ ಕೆಳಗೆ ತಳ್ಳಿದಳು. ಬೀಗದಕೈ ಅವಳ ಕತ್ತಿನ ಸರಕ್ಕೆ ಬಿತ್ತು. ಗಂಡ ಬರಿಗೈಯಲ್ಲಿ ಅಂಗಡಿಯ ನಡುವೆ ನಿಂತ. ಬಾಯಿ ತೆರೆದ, ಮುಚ್ಚಿದ, ಹೋಗಿ ಶಟರು ಎಳೆದ. ಆ ರಟ್ಟನ್ನು ಬರೆದವನೂ ಅವನೇ.

ಅಷ್ಟಕ್ಕೇ ನಿಂತಿತೇ? ಅಡುಗೆಮನೆಯ ಚಾಕುವೂ ಟ್ರಂಕಿಗೆ ಹೋಯಿತು. ಅಂದಿನಿಂದ ಅಮ್ಮ ಆಲೂಗಡ್ಡೆಯನ್ನು ಇಡಿಯಾಗಿ ಬೇಯಿಸಿದಳು, ಸೊಪ್ಪನ್ನು ಕೈಯಲ್ಲೇ ಹರಿದಳು, ಎಲೆಕೋಸನ್ನು ಮುಷ್ಟಿಯಿಂದ ಗುದ್ದಿದಳು. ಎಲೆಕೋಸಿನ ಮೇಲೆ ಯಾರ ಸಿಟ್ಟು ತೀರುತ್ತಿತ್ತೋ, ಅದನ್ನು ಅವಳು ಹೇಳಲಿಲ್ಲ. ಬಚ್ಚಲುಮನೆಯ ಚಿಲಕವನ್ನು ಗಂಡ ಬಿಚ್ಚಿದ. ಚಿಲಕವಿಲ್ಲದ ಬಚ್ಚಲಿಗೆ ಒಬ್ಬರಿದ್ದಾಗ ಇನ್ನೊಬ್ಬರು ನುಗ್ಗಿದರೆ ಮರ್ಯಾದೆಯ ಗತಿ? ಅದಕ್ಕೂ ಅಕ್ಕ ಕಾನೂನು ಮಾಡಿದಳು.

"ಒಳಗಿದ್ದೋರು ಹಾಡಬೇಕು. ಹಾಡು ಕೇಳಿಸ್ತಿದ್ರೆ ಒಳಗೆ ಜನ ಇದಾರೆ ಅಂತ ಅರ್ಥ. ನಿಂತ್ರೆ ನಾನು ಒಳಗೆ ಬರ್ತೀನಿ, ಆಮೇಲೆ ನನ್ನ ಅನ್ನಬೇಡಿ."

ಅಮ್ಮ ಹಲ್ಲಿಲ್ಲದ ಬಾಯಲ್ಲಿ ಯಾವುದೋ ಜೋಗುಳ ಹಾಡಿದಳು. ಗಂಡ ಮಾತೇ ಆಡದವನು ಹಾಡುವುದೆಲ್ಲಿಂದ? ಗಂಟಲಲ್ಲೇ ಹೂಂ ಹೂಂ ಎಂದು ದುಂಬಿಯ ಹಾಗೆ ಗುಂಯ್ಗುಟ್ಟಿದ. ಅಕ್ಕ ಸ್ನಾನಕ್ಕಿಳಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ತಮ್ಮ ಮಾತ್ರ ಹಾಡಲಿಲ್ಲ. ಚೊಂಬಿನಿಂದ ಬಕೆಟ್ಟಿಗೆ ಟಕ್, ಟಕ್ ಎಂದು ಬಡಿಯುತ್ತಿದ್ದ. ಇರಲಿ, ಶಬ್ದ ಬಂದರೆ ಸಾಕು ಎಂದು ಅಕ್ಕ ಒಪ್ಪಿಕೊಂಡಳು.

ಅಂದರೆ ನರ್ಸಮ್ಮ ಹೇಳಿದ ಮಾತಿನಲ್ಲಿ ಒಬ್ಬನೇ ಬಿಡಬೇಡಿ ಎನ್ನುವುದನ್ನು ಅಕ್ಕ ಒಂದಕ್ಕೆ ಎರಡಾಗಿ ಪಾಲಿಸಿದಳು. ಹರಿತವಾದ್ದು ಇಡಬೇಡಿ ಎನ್ನುವುದನ್ನು ಒಂದಕ್ಕೆ ಹತ್ತಾಗಿ ಪಾಲಿಸಿದಳು. ಆದರೆ ನೇರವಾಗಿ ಕೇಳಿ ಎನ್ನುವುದೊಂದು ಮಾತ್ರ ಆಗಲಿಲ್ಲ. ಬೀದಿಯಲ್ಲಿ ಯಾರ ಮುಖಕ್ಕೆ ಏನು ಬೇಕಾದರೂ ಹೇಳುತ್ತಿದ್ದವಳು, ಬೇಕರಿಯವನಿಗೆ "ನಿನ್ನ ಬ್ರೆಡ್ಡಲ್ಲಿ ಗೋಡೆ ಕಟ್ಟಬಹುದು ಕಣೋ" ಎಂದವಳು, ತಮ್ಮನ ಎದುರು ಕುಳಿತರೆ ಮಾತು ಬದಲಿಸಿಬಿಡುತ್ತಿದ್ದಳು. ಸಾಯೋ ಎಂದು ಬಾಯಿಗೆ ಬರುವಷ್ಟರಲ್ಲಿ ಅದು "ಸಾರು ಹಾಕ್ಲೇನೋ?" ಎಂದಾಗಿಬಿಡುತ್ತಿತ್ತು. ಪಾಪ, ಆ ವಾರಗಳಲ್ಲಿ ತಮ್ಮ ಕುಡಿದಷ್ಟು ಸಾರನ್ನು ಯಾರೂ ಕುಡಿದಿರಲಾರರು.

ತಮ್ಮ ಬದಲಾಗಿದ್ದ. ಬಾಗಿಲು ಮುಚ್ಚಿದ್ದರೆ ಅದರ ಮುಂದೆ ಹೋಗಿ ನಿಲ್ಲುತ್ತಿದ್ದ. ತೆಗೆಯುತ್ತಿರಲಿಲ್ಲ. ಅಷ್ಟು ವರ್ಷ ಬಾಗಿಲು ತೆಗೆಯುವ ಕೆಲಸ ಬೇರೆಯವರದಾಗಿತ್ತಲ್ಲ. ಯಾರಾದರೂ ಬಂದು ತೆಗೆದರೆ "ಥ್ಯಾಂಕ್ಸ್" ಎಂದು ಒಳಗೆ ಹೋಗುತ್ತಿದ್ದ. ಸ್ವಂತ ಅಮ್ಮನಿಗೆ ಥ್ಯಾಂಕ್ಸು! ಎರಡು ಕೈಗಳನ್ನೂ ಯಾವಾಗಲೂ ಕಂಕುಳಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ. ಬೇಲಿ ಹಾರುವ ದನಗಳನ್ನು ಕಟ್ಟಿಹಾಕಿದ ಹಾಗೆ. ಬೀದಿಗೆ ಬಾರೋ ಎಂದರೆ ನಾಳೆ ಎನ್ನುತ್ತಿದ್ದ. ಮುಂಬಾಗಿಲ ಪಕ್ಕದ ಕಿಟಕಿಯ ಸಂದಿನಿಂದ ಬೀದಿ ನೋಡುತ್ತ ಕೂರುವುದೊಂದೇ ಅವನ ಕೆಲಸ.

ಇತ್ತ ಬೀದಿಗೆ ಗಡ್ಡ ಬರತೊಡಗಿತ್ತು.

ದೊಡ್ಡ ರಸ್ತೆ ದಾಟಿದರೆ ಇನ್ನೊಂದು ಸಲೂನು ಇತ್ತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಹಾಡು ಎಲ್ಲ ಇತ್ತು. ಆದರೆ ಈ ಬೀದಿಯವರು ಹೋಗಲಿಲ್ಲ. ಮೊದಲ ವಾರ ಹೋಗದಿದ್ದದ್ದು ಅಕ್ಕನ ಹೆದರಿಕೆಗೆ. ಎರಡನೇ ವಾರಕ್ಕೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಪಂಕ್ಚರ್ ಅಂಗಡಿಯವನು ಒಂದು ಸಂಜೆ ದೊಡ್ಡ ರಸ್ತೆಯ ಕಡೆ ಹೊರಟಿದ್ದನಂತೆ. ಮೇಷ್ಟ್ರು ತಡೆದು ನಿಲ್ಲಿಸಿದರಂತೆ.

"ಎಲ್ಲಿಗೋ?"

"ಹೀಗೇ, ಗಾಳಿಗೆ."

"ಗಾಳಿ ಹಾಕೋನು ನೀನು, ನಿನಗ್ಯಾವ ಗಾಳಿಯೋ? ನಡಿ ವಾಪಸ್. ಆ ಹುಡುಗ ಸುಧಾರಿಸ್ಕೊಳ್ಳೋ ತನಕ ಕಾದ್ರೆ ನಿನ್ನ ಮುಖ ಏನು ಹಳಸಿಹೋಗುತ್ತಾ?"

ಅವನು ತಿರುಗಿ ಬಂದ. ಬಂದವನು ಗಡ್ಡಕ್ಕೆ ಎಣ್ಣೆ ಹಚ್ಚಿ ಬಾಚತೊಡಗಿದ. ಬೇಕರಿಯವನ ಗಡ್ಡದಲ್ಲಿ ಮೈದಾ ಹಿಟ್ಟು ಕೂತು ಅವನು ವಯಸ್ಸಿಗೆ ಮೀರಿದ ಜ್ಞಾನಿಯಂತೆ ಕಂಡ. ಬಸ್ ಡ್ರೈವರನಿಗೆ ಡಿಪೋದಲ್ಲಿ, ನಿನ್ನ ಗುರುತಿನ ಚೀಟಿಯಲ್ಲಿರೋದು ಯಾರು, ಈ ಕರಡಿ ಯಾರು ಎಂದು ಕೇಳಿದರಂತೆ. ಮೇಷ್ಟ್ರ ಗಡ್ಡ ಮಾತ್ರ ಅಲ್ಲೊಂದು ಇಲ್ಲೊಂದು ಬಂದು, ಕುರಿ ಮೇಯ್ದ ಹೊಲದಂತಿತ್ತು. ದಿನವೂ ಒಬ್ಬರಲ್ಲ ಒಬ್ಬರು ಹಿತ್ತಿಲ ಬಾಗಿಲಿಗೆ ಬಂದು ಕೆಮ್ಮುತ್ತಿದ್ದರು.

"ಅಕ್ಕಾ, ರಿಪೇರಿ ಎಲ್ಲಿಗೆ ಬಂತು?"

"ಆದಾಗ ಹೇಳ್ತೀನಿ. ಗಡ್ಡಕ್ಕೇನು ಬೆಂಕಿ ಬಿದ್ದಿದೆಯಾ?"

"ಬಿದ್ರೆ ಬಾವಿ ತೋಡ್ಕೋತೀವಿ ಬಿಡು," ಎಂದು ಕೆರೆದುಕೊಳ್ಳುತ್ತ ಹೋಗುತ್ತಿದ್ದರು.

ಅಕ್ಕನಿಗೆ ಬಯ್ಯಲು ಬಾಯಿ ಬರುತ್ತಿತ್ತು, ಹಿಂದೆಯೇ ಕಣ್ಣೂ ತುಂಬುತ್ತಿತ್ತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ತಿಳಿಯದೆ ಬಾಗಿಲು ದಡಾರನೆ ಹಾಕಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ತಮ್ಮ ಸ್ನಾನಕ್ಕೆ ಹೋದ. ಅಕ್ಕ ಹೊರಗೆ ಬಟ್ಟೆ ಮಡಚುತ್ತ ಕುಳಿತಳು. ಟಕ್, ಟಕ್. ಒಂದು ಲಂಗ ಮಡಚಿದಳು. ಟಕ್. ಒಂದು ಟವೆಲ್ ಮಡಚಿದಳು. ಆಮೇಲೆ ಶಬ್ದವಿಲ್ಲ.

ನೀರಿನ ಸದ್ದೂ ಇಲ್ಲ.

ಮಡಚಿದ್ದೆಲ್ಲ ಮಡಿಲಿನಿಂದ ಉರುಳಿತು. ಅಕ್ಕ ಬಾಗಿಲನ್ನು ಭುಜದಿಂದ ನೂಕಿಕೊಂಡೇ ಒಳಗೆ ಹೋದಳು. ಚಿಲಕವಿಲ್ಲದ ಬಾಗಿಲು, ಅಷ್ಟು ಜೋರು ಬೇಕಿರಲಿಲ್ಲ. ಗೋಡೆಗೆ ಬಡಿದು ವಾಪಸು ಬಂದು ಅವಳ ಬೆನ್ನಿಗೇ ಬಾರಿಸಿತು.

ತಮ್ಮ ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತಿದ್ದ. ಹಾಕಿದ ಬಟ್ಟೆ ಹಾಕಿದಂತೇ ಇತ್ತು, ಒಂದು ಹನಿ ನೀರು ತಾಗಿರಲಿಲ್ಲ. ಖಾಲಿ ಚೊಂಬು ಕೈಯಲ್ಲಿತ್ತು. ಅವನು ಅಳುತ್ತಲೂ ಇರಲಿಲ್ಲ. ಗೋಡೆ ನೋಡುತ್ತಿದ್ದ, ಅಷ್ಟೇ.

ಅಕ್ಕನ ಬಾಯಿಗೆ ಮೊದಲು ಬಂದದ್ದು ಸಾರು. ಥೂ, ಹಾಳು ಸಾರು. ಅದನ್ನು ನುಂಗಿದಳು. ಆಮೇಲೆ ಕಣ್ಣು ಮುಚ್ಚಿ, ತಣ್ಣೀರಿಗೆ ಧುಮುಕುವವರಂತೆ ಉಸಿರು ಎಳೆದುಕೊಂಡು ಕೇಳಿಯೇಬಿಟ್ಟಳು.

"ಲೋ, ಸಾಯಬೇಕು ಅನ್ನಿಸ್ತಿದೆಯೇನೋ ನಿನಗೆ?"

ಕೇಳಿದ್ದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು. ಅಡುಗೆಮನೆಯಲ್ಲಿ ಅಮ್ಮನ ಮುಷ್ಟಿ ಎಲೆಕೋಸಿನ ಮೇಲೆ ಅರ್ಧಕ್ಕೆ ನಿಂತಿತು.

ತಮ್ಮ ನಿಧಾನವಾಗಿ ಅವಳ ಕಡೆ ತಿರುಗಿದ.

"ಹೂಂ ಅಕ್ಕ," ಎಂದ. "ಒಂದೊಂದು ಸಲ. ಈ ನಡುವೆ ಜಾಸ್ತಿ."

ಆಕಾಶ ಕಳಚಿ ಬೀಳಲಿಲ್ಲ. ಇಷ್ಟು ದಿನ ಈ ಒಂದು ಮಾತಿಗೆ ಹೆದರಿ ಮನೆಯ ಚಾಕು ಚೂರಿಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದಳು. ಈಗ ಆ ಮಾತು ಬಚ್ಚಲಿನಲ್ಲಿ ಅವರಿಬ್ಬರ ನಡುವೆ, ನೆಂದ ಬೆಕ್ಕಿನ ಹಾಗೆ ಕುಳಿತಿತ್ತು. ಅಕ್ಕ ಒದ್ದೆ ನೆಲದ ಮೇಲೆ ಹಾಗೇ ಕುಕ್ಕರಿಸಿದಳು. ಸೀರೆ ನೆನೆಯಿತು. ನೆನೆಯಲಿ.

"ಈಗಲೂ ಅನ್ನಿಸ್ತಿದೆಯಾ?"

"ಒಳಗೆ ಬರುವಾಗ ಅನ್ನಿಸ್ತಿತ್ತು. ನೀನು ಕೇಳಿದ ಮೇಲೆ ಸ್ವಲ್ಪ ಕಮ್ಮಿ."

"ಯಾಕೋ? ಏನಾಯ್ತು? ಒದರು."

ತಮ್ಮ ಒದರಿದ. ಒಳಗೆ ಎದ್ದೇಳು ಎಂದರೆ ಏಳುತ್ತಿದ್ದೆ, ಉಣ್ಣು ಎಂದರೆ ಉಣ್ಣುತ್ತಿದ್ದೆ, ಇಲ್ಲಿ ಎಲ್ಲದಕ್ಕೂ ನಾನೇ ಯೋಚಿಸಬೇಕು, ಬಾಗಿಲು ಕಂಡರೆ ಕಾಲು ನಿಂತುಬಿಡುತ್ತದೆ ಎಂದ. ನಿದ್ದೆ ಬರುವುದಿಲ್ಲ ಎಂದ. ಕೊನೆಗೆ ಚೊಂಬಿನೊಳಗೆ ಮುಖ ಹಾಕಿದಂತೆ ತಗ್ಗಿದ ದನಿಯಲ್ಲಿ ಹೇಳಿದ.

"ನನ್ನಿಂದ ಅಂಗಡಿ ಮುಚ್ಚಿಹೋಯ್ತಲ್ಲಕ್ಕ. ಜೈಲಿಗೆ ಹೋಗಿ ಬಂದೋನು ಇರೋ ಅಂಗಡಿಗೆ ಯಾರು ಬರ್ತಾರೆ? ಯಾರು ಕತ್ತು ಕೊಡ್ತಾರೆ? ಭಾವ ಆ ರಟ್ಟು ಬರೆಯೋದನ್ನ ನಾನೇ ನೋಡಿದೆ. ನಾನಿಲ್ಲದಿದ್ರೆ ನೀವು ಶಟರು ತೆಗೀತೀರಿ ಅನ್ನಿಸ್ತು."

ಅಕ್ಕನಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಯಾರನ್ನು ಉಳಿಸಲೆಂದು ಅಂಗಡಿ ಮುಚ್ಚಿದಳೋ ಅವನೇ ಆ ಮುಚ್ಚಿದ ಶಟರಿನ ಕೆಳಗೆ ಸಿಕ್ಕಿ ನರಳುತ್ತಿದ್ದ. ಎದ್ದು ಹೋಗಿ ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಬದಲಿಗೆ ತಮ್ಮನ ಕಿವಿ ಹಿಡಿದಳು.

"ಗೂಬೆ ನನ್ಮಗನೇ! ಗಿರಾಕಿ ಬರಲ್ಲ ಅಂತ ಯಾರೋ ಹೇಳಿದ್ದು? ಅಂಗಡಿ ಮುಚ್ಚಿದ್ದು ನಾನು. ಕತ್ತಿ ಕತ್ತರಿ ನಿನ್ನ ಕಣ್ಣಿಗೆ ಬೀಳಬಾರದು ಅಂತ. ಜನ ಬರಲ್ವಂತೆ! ಬೀದಿಯೆಲ್ಲ ಗಡ್ಡ ಬಿಟ್ಕೊಂಡು ಕಾಯ್ತಾ ಬಿದ್ದಿದೆ, ಕಿಟಕೀಲಿ ಕೂತ್ಕೊಂಡು ಏನೋ ನೋಡ್ತಿದ್ದೆ ನೀನು?"

"ಗಡ್ಡ ನೋಡ್ದೆ," ಎಂದ ತಮ್ಮ ಕಿವಿ ಬಿಡಿಸಿಕೊಳ್ಳದೆ. "ಈಗ ಅದೇ ಫ್ಯಾಷನ್ ಅನ್ಕೊಂಡೆ."

"ಏನು?"

"ನಾನು ಒಳಗಿದ್ದಾಗ ಕಾಲ ಬದಲಾಗಿದೆ, ಈಗ ಯಾರೂ ಶೇವಿಂಗ್ ಮಾಡಿಸಲ್ಲ ಅನ್ಕೊಂಡೆ. ಮೇಷ್ಟ್ರೂ ಬಿಟ್ಟಿದಾರೆ ಅಂದ್ಮೇಲೆ ಮುಗೀತು, ನನಗೆ ಗೊತ್ತಿರೋ ಒಂದೇ ಕೆಲಸಾನೂ ಜಗತ್ತಿಗೆ ಬೇಡವಾಗಿದೆ ಅನ್ಕೊಂಡೆ."

ಅಕ್ಕ ಅವನ ಮುಖ ನೋಡಿದಳು. ಮೇಷ್ಟ್ರ ಗಡ್ಡ ಕಣ್ಣ ಮುಂದೆ ಬಂತು. ಕುರಿ ಮೇಯ್ದ ಹೊಲ. ಅದನ್ನು ಫ್ಯಾಷನ್ ಎಂದುಕೊಂಡನಂತೆ! ನಗು ಅವಳ ಹೊಟ್ಟೆಯ ಬುಡದಿಂದ ಹೊರಟಿತು. ತಡೆಯಲು ಹೋಗಿ ಮೂಗಿನಿಂದ ಬಂತು. ಅವಳು ನಕ್ಕದ್ದಕ್ಕೆ ತಮ್ಮನ ತುಟಿ ಅಲುಗಿತು, ಆಮೇಲೆ ಭುಜ ಅಲುಗಿತು, ಆಮೇಲೆ ಬಕೆಟ್ಟೇ ಜಾರಿ ಅವನು ನೆಲಕ್ಕೆ ಬಿದ್ದ. ಬಿದ್ದವನು ನಗುತ್ತಲೇ ಅತ್ತ. ಅಕ್ಕನೂ ಅತ್ತಳು. ಓಡಿಬಂದ ಅಮ್ಮ ಬಾಗಿಲಲ್ಲಿ ನಿಂತು, ಬಚ್ಚಲಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡಿರುವ ಇಬ್ಬರು ಮಕ್ಕಳನ್ನು ನೋಡಿ, "ಸ್ನಾನ ಮಾಡಿ ಅಂದ್ರೆ ನೆಲ ಒರೆಸ್ತಿದೀರಲ್ರೋ," ಎಂದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

ನಗು ಬಂತೆಂದು ಅಕ್ಕ ಮೋಸಹೋಗಲಿಲ್ಲ. ಅಲ್ಲೇ, ಒದ್ದೆ ಸೀರೆಯಲ್ಲೇ, ನರ್ಸಮ್ಮನಿಗೆ ಫೋನು ಹಚ್ಚಿದಳು.

"ಕೇಳಿದೆ ಕಣ್ರೀ. ಹೂಂ ಅಂದ."

"ಒಳ್ಳೇದಾಯ್ತು. ಅವನಿಗೆ ಕೊಡಿ."

ನರ್ಸಮ್ಮ ಅವನ ಜೊತೆ ಬಹಳ ಹೊತ್ತು ಮಾತಾಡಿದರು. ತಮ್ಮ ಹೂಂ, ಇಲ್ಲ, ಬರ್ತೀನಿ ಎಂದ. ಇವತ್ತೇ ಆಸ್ಪತ್ರೆಗೆ ಬನ್ನಿ, ಮನಸ್ಸಿನ ಡಾಕ್ಟರಿಗೆ ನಾನು ಹೇಳಿರುತ್ತೇನೆ ಎಂದಾಯಿತು. ಅಕ್ಕ ಸೀರೆ ಬದಲಿಸಿ ಅವನನ್ನು ಹೊರಡಿಸಿದಳು. ಮುಂಬಾಗಿಲಿಗೆ ಬಂದಾಗ ತಮ್ಮ ಅಭ್ಯಾಸಬಲದಿಂದ ಅದರ ಮುಂದೆ ನಿಂತ. ಅಕ್ಕನೂ ನಿಂತಳು. ಇಬ್ಬರೂ ಬಸ್ಸಿಗೆ ಕಾಯುವವರಂತೆ ನಿಂತರು.

"ನನ್ನ ಮುಖ ಯಾಕೋ ನೋಡ್ತೀಯ? ನಾನೇನು ಇಲ್ಲಿ ವಾಚ್‌ಮನ್ನಾ? ತೆಗಿ."

ತಮ್ಮ ಕಂಕುಳಿಂದ ಕೈ ಹೊರತೆಗೆದ. ಬಾಗಿಲು ಎಳೆದ. ಬೀದಿ ಬಿಸಿಲಲ್ಲಿ ಹರಡಿಕೊಂಡಿತ್ತು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದವನು ತಲೆ ಎತ್ತಿದ. ಎಣ್ಣೆ ಹಚ್ಚಿದ ಗಡ್ಡ ಮಿರಮಿರ ಮಿಂಚಿತು.

"ಓಹೋ, ಬಂದೆಯೇನಪ್ಪಾ!" ಎಂದು ಕೂಗಿದ. "ನಿನ್ನ ರಿಪೇರಿ ಮುಗಿಯೋದ್ರೊಳಗೆ ನಮ್ಮ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟುತ್ತೆ. ಬೇಗ ನೋಡು!"

"ಬಾಯಿ ಮುಚ್ಕೊಂಡು ನಿನ್ನ ತೂತು ನೋಡ್ಕೋ," ಎಂದಳು ಅಕ್ಕ. ಆದರೆ ತಮ್ಮ ನಿಂತು ಅವನ ಗಡ್ಡವನ್ನು ನೋಡಿದ. ಗಿರಾಕಿಯ ಮುಖವನ್ನು ಕಸುಬುದಾರ ನೋಡುವಂತೆ, ಎಡದಿಂದ ಬಲಕ್ಕೆ, ಕಿವಿಯಿಂದ ಗಲ್ಲಕ್ಕೆ.

"ಎಡಗಡೆ ಸುರುಳಿ ಇದೆ," ಎಂದ ಮೆಲ್ಲಗೆ. "ಬಿಸಿನೀರು ಜಾಸ್ತಿ ಬೇಕು."

ಅಕ್ಕನ ಎದೆಗೆ ಹಾಲು ಹೊಯ್ದಂತಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ಒಬ್ಬನನ್ನೇ ಕೂರಿಸಿ ಮಾತಾಡಿಸಿದರು, ನಿದ್ದೆಗೆ ಔಷಧಿ ಕೊಟ್ಟರು, ವಾರ ವಾರ ಬರಬೇಕು ಎಂದರು. ಔಷಧಿ ಅಕ್ಕನ ಕೈಯಲ್ಲಿರಲಿ ಎಂದದ್ದು ತಮ್ಮನೇ. ಹಿಂದಿರುಗುವಾಗ ಅಕ್ಕ ಬಸ್ಸಿನಲ್ಲಿ ಕೇಳಿದಳು. ಈಗ ಅವಳಿಗೆ ಕೇಳುವ ಚಾಳಿ ಹತ್ತಿತ್ತು.

"ಟ್ರಂಕು ಏನು ಮಾಡೋಣ? ನೀನೇ ಹೇಳು."

ತಮ್ಮ ಎರಡು ಸ್ಟಾಪು ಯೋಚಿಸಿದ.

"ತೆಗಿ. ಕತ್ತಿ ಭಾವನ ಕೈಯಲ್ಲಿರಲಿ. ನಾನು ಬ್ರಷ್ಷು ಹಿಡೀತೀನಿ, ತಲೆ ಮಸಾಜು ಮಾಡ್ತೀನಿ. ಅಂಗಡಿ ಮುಚ್ಚಿದ ಮೇಲೆ ಮತ್ತೆ ಟ್ರಂಕಿಗೆ ಹಾಕಿ ಬೀಗದಕೈ ನೀನೇ ಇಟ್ಕೋ. ನನಗೇ ನನ್ನ ಮೇಲೆ ನಂಬಿಕೆ ಬಂದಾಗ ಕೇಳ್ತೀನಿ."

"ಆಯ್ತು."

"ಅಮ್ಮನಿಗೆ ಚಾಕು ಕೊಟ್ಟುಬಿಡು ಅಕ್ಕ. ನನಗೆ ಆ ಎಲೆಕೋಸು ನೋಡೋಕಾಗ್ತಿಲ್ಲ."

ಇವರು ಬರುವಷ್ಟರಲ್ಲಿ, ಹುಡುಗ ಮನೆಯಿಂದ ಹೊರಗೆ ಬಂದ ಸುದ್ದಿಯನ್ನು ಪಂಕ್ಚರ್ ಅಂಗಡಿಯವನು ಬೀದಿಗೆಲ್ಲ ಹಬ್ಬಿಸಿದ್ದ. ಬಿಸಿಲು ಇಳಿಯುವ ಮೊದಲೇ ಶಟರಿನ ಮುಂದೆ ಗಡ್ಡಗಳ ಸಾಲು. ಬಸ್ ಡ್ರೈವರು ಬಸ್ಸನ್ನು ಡಿಪೋಗೆ ಬಿಟ್ಟು ಸಮವಸ್ತ್ರದಲ್ಲೇ ಬಂದಿದ್ದ. ಬೇಕರಿಯವನು ಎಲ್ಲರಿಗೂ ಬನ್ನು ತಂದಿದ್ದ. ಗಂಡ ಶಟರು ಎತ್ತಿದಾಗ ಅದು ಕಿರ್ರೆಂದ ಸದ್ದಿಗೆ ಸಾಲಿನವರು ಚಪ್ಪಾಳೆ ಹೊಡೆದರು. ಗಂಡ ಆ ರಟ್ಟನ್ನು ಕಿತ್ತು, ಮಡಚಿ, ಕಸದ ಬುಟ್ಟಿಗೆ ಹಾಕಿ, ಭಾವಮೈದುನನ ಹೆಗಲಿಗೆ ಬಿಳಿ ಟವೆಲ್ ಹಾಕಿದ. ಆಮೇಲೆ ಬಾಯಿ ತೆರೆದ.

"ಎರಡನೇ ಕುರ್ಚಿ ಧೂಳು ಹಿಡಿದಿದೆ. ಒರೆಸ್ಕೋ," ಎಂದ.

ಗಂಡ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅಕ್ಕ ಕೇಳಿಯೇ ಇರಲಿಲ್ಲ. ಅವನಿಗೂ ದಣಿವಾಗಿರಬೇಕು, ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತ ಗೋಡೆಯ ಕಡೆ ತಿರುಗಿಕೊಂಡ.

ಆ ಕುರ್ಚಿಯಲ್ಲಿ ಮೊದಲು ಕುಳಿತವರು ಮೇಷ್ಟ್ರು. ಸಾಲಿನಲ್ಲಿ ಕೊನೆಯವರಾಗಿದ್ದರೂ ವಯಸ್ಸಿನ ಹೆಸರಿನಲ್ಲಿ ನುಗ್ಗಿದರು. ತಮ್ಮನು ಬ್ರಷ್ಷನ್ನು ಬಿಸಿನೀರಿಗೆ ಅದ್ದಿ, ಬಟ್ಟಲಲ್ಲಿ ಸೋಪು ತಿರುವಿ ನೊರೆ ಎಬ್ಬಿಸಿದ. ಮೇಷ್ಟ್ರ ಮುಖದ ಹತ್ತಿರ ಬ್ರಷ್ಷು ಒಯ್ದ. ನಿಂತ. ಬೆಂಚಿನ ಮೇಲೆ ಬನ್ನು ತಿನ್ನುತ್ತಿದ್ದವರೂ ಅಗಿಯುವುದನ್ನು ನಿಲ್ಲಿಸಿದರು.

"ಯಾಕೋ ನಿಂತೆ?" ಎಂದರು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ. "ಒಂದೊಂದು ಕೂದಲಿಗೂ ನಮಸ್ಕಾರ ಹೇಳಿ ಶುರು ಮಾಡ್ಬೇಕಾ? ಹಚ್ಚು."

ಹಚ್ಚಿದ. ಗಲ್ಲದಿಂದ ಕಿವಿಗೆ, ಕಿವಿಯಿಂದ ಮೂಗಿನ ಕೆಳಗೆ, ಬ್ರಷ್ಷು ಗುಂಡಗೆ ಸುತ್ತುತ್ತ ಹೋಯಿತು. ಕೈಗೆ ಹಳೆಯ ದಾರಿ ಸಿಕ್ಕಿತು. ಭಾವ ಬಂದು ಕತ್ತಿ ಆಡಿಸಿದ. ಆಮೇಲೆ ತಮ್ಮ ತಣ್ಣೀರು ಹಚ್ಚಿ, ಪಟಿಕದ ಕಲ್ಲು ಸವರಿ, ತಲೆಗೆ ಬೆರಳಿಟ್ಟ. ಹಣೆಯ ಪಕ್ಕ, ನೆತ್ತಿ, ಕತ್ತಿನ ಹಿಂದೆ. ಒಬ್ಬ ಮನುಷ್ಯನನ್ನು ಮೆಟ್ಟಿಲಿನಿಂದ ಕೆಡವಿದ್ದ ಅದೇ ಕೈ. ಮೇಷ್ಟ್ರು ಕುರ್ಚಿಯಲ್ಲೇ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆದರು. ಡ್ರೈವರು, "ಎಬ್ಬಿಸ್ರೋ, ನನ್ನ ಪಾಳಿ!" ಎಂದು ಕೂಗಿದರೂ ಏಳಲಿಲ್ಲ. ಕೊನೆಗೆ ಕುರ್ಚಿಯನ್ನೇ ಒಂದು ಸುತ್ತು ತಿರುಗಿಸಬೇಕಾಯಿತು.

ದೀಪ ಹಚ್ಚುವ ಹೊತ್ತಿಗೆ ಬೀದಿಗೆ ಮತ್ತೆ ಮುಖ ಬಂದಿತ್ತು. ನೆಲದ ಮೇಲೆ ಬಿದ್ದ ಗಡ್ಡವನ್ನು ಗುಡಿಸುತ್ತ ಅಕ್ಕ, "ಇದನ್ನ ತುಂಬಿದ್ರೆ ಒಂದು ದಿಂಬಾಗುತ್ತಲ್ರೋ," ಎಂದಳು. ಬೇಡಕ್ಕ, ಅದರ ಮೇಲೆ ಮಲಗಿದರೆ ಮೇಷ್ಟ್ರು ಕನಸಲ್ಲಿ ಬಂದು ಮಗ್ಗಿ ಕೇಳುತ್ತಾರೆ ಎಂದ ಬೇಕರಿಯವನು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಅದು ಸುಳ್ಳು. ಅಕ್ಕ ದಿನಾ ಬೆಳಿಗ್ಗೆ ಲೋಟ ಕೈಗಿಡುತ್ತ ಕೇಳುತ್ತಿದ್ದಳು, "ಇವತ್ತು ಹೆಂಗಿದೆಯೋ ಒಳಗೆ?" ಬಿಸಿಲು ಎಂದರೆ ಅವನು ಅಂಗಡಿಗೆ, ಅವಳು ಪಾತ್ರೆಗೆ. ಮೋಡ ಎಂದರೆ ಪಾತ್ರೆ ಬಿಟ್ಟು ಪಕ್ಕದಲ್ಲಿ ಕೂರುತ್ತಿದ್ದಳು. ಕತ್ತಲೆ ಎಂದ ದಿನವೂ ಇತ್ತು. ಆ ದಿನ ಅಕ್ಕ ಒಂದು ಮಾತೂ ಬಯ್ಯದೆ ನರ್ಸಮ್ಮನಿಗೆ ಫೋನು ಮಾಡಿ, ಡಾಕ್ಟರಮ್ಮನ ಬಾಗಿಲಲ್ಲಿ ಅವನ ಕೈ ಹಿಡಿದು ಕೂತಿದ್ದಳು. ಬಾಗಿಲನ್ನು ಅವನೇ ತೆಗೆದ. ಬರಬರುತ್ತ ಮೋಡ ಕಮ್ಮಿಯಾಯಿತು. ಬೀಗದಕೈ ಇನ್ನೂ ಅಕ್ಕನ ಸರದಲ್ಲೇ ಇತ್ತು. ಅವನು ಕೇಳಿರಲಿಲ್ಲ, ಅವಳು ಅವಸರ ಮಾಡಲಿಲ್ಲ.

ಬಚ್ಚಲಿನ ಚಿಲಕವನ್ನು ಮಾತ್ರ ಮತ್ತೆ ಹಾಕಬೇಕೆಂದು ಅಮ್ಮನೇ ಹಟ ಹಿಡಿದಳು. ಯಾಕೆಂದರೆ ತಮ್ಮ ಹಾಡತೊಡಗಿದ್ದ. ಚೊಂಬು ಬಡಿಯುವುದು ಬಿಟ್ಟು, ಒಂದು ಬೆಳಿಗ್ಗೆ ತಾನೇ ಕಟ್ಟಿದ ಹಾಡು ಶುರುಮಾಡಿದ. "ಗಡ್ಡ ಬಂತು ಗಡ್ಡ ಹೋಯ್ತು, ಕೆನ್ನೆಗೇನು ಚಿಂತೆ, ನೊರೆಯ ಮೋಡ ಕರಗಿ ಹೋಯ್ತು, ಬೀದಿಗೆಲ್ಲ ಸಂತೆ..." ರಾಗ ಇರಲಿಲ್ಲ, ತಾಳ ಇರಲಿಲ್ಲ, ಗಂಟಲು ಮಾತ್ರ ಅಕ್ಕನದೇ.

"ಚಿಲಕ ಹಾಕಿಸ್ರೋ," ಎಂದಳು ಅಮ್ಮ. "ಹಾಡೋ ಕಾರಣ ತಪ್ಪಿದ್ರೆ ಬಾಯಾದ್ರೂ ಮುಚ್ತಾನೆ."

ಅಳಿಯ ಚಿಲಕ ಹಾಕಿದ. ತಮ್ಮ ಬಾಯಿ ಮುಚ್ಚಲಿಲ್ಲ. ಚಿಲಕ ಹಾಕಿಕೊಂಡು ಇನ್ನೂ ಜೋರಾಗಿ ಹಾಡಿದ. ಅಂಗಡಿಯಲ್ಲಿ ಕುಳಿತ ಗಿರಾಕಿಗಳು ಪರದೆಯಾಚೆಗೆ ಕೂಗಿ ತಕರಾರು ಹೇಳಿದರು. ಅಕ್ಕ ಅವರಿಗೂ ಬೈದು, ಅವನಿಗೂ ಬೈದು, ತಾನೂ ಆ ಹಾಡನ್ನೇ ಗುನುಗುತ್ತ ಪಾತ್ರೆ ತೊಳೆದಳು.

ಹೀಗೊಂದು ಬೆಳಿಗ್ಗೆ ಅಂಗಡಿ ತುಂಬಿತ್ತು. ಡ್ರೈವರನ ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆ ನೊರೆ. ಒಳಗಿನಿಂದ ಹಾಡು, ನೊರೆಯ ಮೋಡ ಕರಗಿ ಎನ್ನುವಲ್ಲಿಗೆ ಬಂದು ಥಟ್ಟನೆ ನಿಂತಿತು.

ಗಂಡನ ಕತ್ತಿ ಗಾಳಿಯಲ್ಲಿ ನಿಂತಿತು. ಮೇಷ್ಟ್ರ ಕೈಯ ಪೇಪರು ಮಡಚುವುದು ಅರ್ಧಕ್ಕೆ ನಿಂತಿತು. ಪಂಕ್ಚರ್ ಅಂಗಡಿಯವನು ಬೆಂಚಿನಿಂದ ಎದ್ದೇಬಿಟ್ಟ. ಅಕ್ಕನ ಕೈಯಿಂದ ತಟ್ಟೆ ಜಾರಿ ಠಣ್ ಎಂದು ಬಿತ್ತು. ಪರದೆಯ ಈಚೆ ಆಚೆ ಎಲ್ಲರೂ ಒಂದೇ ಕಿವಿಯಾದರು.

"ಅಕ್ಕಾ!" ಎಂದಿತು ಬಚ್ಚಲು.

"ಏನೋ?"

"ಸೋಪು ಮುಗಿದಿದೆ! ಅಂಗಡಿಯಿಂದ ಒಂದು ತಾ!"

ಅಂಗಡಿಗೆ ಅಂಗಡಿಯೇ ಉಸಿರು ಬಿಟ್ಟಿತು.

"ಊರಿಗೆಲ್ಲ ನೊರೆ ಹಚ್ತೀಯ, ನಿನಗೊಂದು ಸೋಪು ಇಟ್ಕೊಳ್ಳೋಕಾಗಲ್ವೇನೋ ದರಿದ್ರದೋನೇ!" ಎಂದು ಅಕ್ಕ ಬೀದಿಯ ಕೊನೆಗೆ ಕೇಳಿಸುವಂತೆ ಕೂಗಿದಳು. "ಬಾಗಿಲು ಸ್ವಲ್ಪ ತೆಗಿ, ಕೈ ಚಾಚು. ಹಾಡು ನಿಲ್ಲಿಸಬೇಡ!"

ಚಿಲಕ ಸರಿಯಿತು. ನೀರು ತೊಟ್ಟಿಕ್ಕುವ ಕೈಯೊಂದು ಸಂದಿನಿಂದ ಹೊರಗೆ ಬಂತು. ಅಕ್ಕ ಅದರಲ್ಲಿ ಸೋಪನ್ನು ಕುಕ್ಕಿ, ಮುಂಗೈ ಮೇಲೊಂದು ಏಟು ಕೊಟ್ಟಳು. ಡ್ರೈವರು ಇನ್ನೊಂದು ಕೆನ್ನೆ ತಿರುಗಿಸಿದ. ಕತ್ತಿ ಇಳಿಯಿತು, ಹಾಡು ಎದ್ದಿತು.